ಭದ್ರಾ ಮೇಲ್ದಂಡೆಯ 5,300 ಕೋಟಿ ಎಲ್ಲಿ ಸ್ವಾಮಿ?

ಚುನಾವಣೆ ಹತ್ತಿರ ಬಂದರೆ ಚಿತ್ರದುರ್ಗದ ಬಯಲಿಗೆ ಮೊದಲು ಹರಿಯೋದು ನೀರಲ್ಲ, ಭಾಷಣ. ನಾಲ್ಕು ಜಿಲ್ಲೆಯ 2.25 ಲಕ್ಷ ಹೆಕ್ಟೇರಿಗೆ ನೀರುಣಿಸಬೇಕಾದ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ಎಂದು ಅರ್ಥ ಸಚಿವೆ ನಿರ್ಮಲಾ ಸೀತಾರಾಮನ್ ಘೋಷಿಸಿದ್ದು 2023ರ ಫೆಬ್ರವರಿಯ ಬಜೆಟ್ಟಿನಲ್ಲಿ. ಮೇ ತಿಂಗಳಲ್ಲೇ ವಿಧಾನಸಭೆ ಚುನಾವಣೆ! ಓಟು ಬಿತ್ತು, ಎಣಿಕೆ ಮುಗೀತು, ರಾಜ್ಯದಲ್ಲಿ ಸರ್ಕಾರವೂ ಬದಲಾಯ್ತು. 2025ರ ಬಜೆಟ್ ಬಂದರೂ ಆ ದುಡ್ಡು ಮಾತ್ರ ಬರಲಿಲ್ಲ. ಬೆಂಗಳೂರು ದೆಹಲಿಯತ್ತ ಬೆರಳು ತೋರಿಸುತ್ತೆ, ದೆಹಲಿ ಬೆಂಗಳೂರಿನತ್ತ. ಹೊಸದುರ್ಗ, ಚಳ್ಳಕೆರೆಯ ರೈತನಿಗೆ ಬೇಕಾದ್ದು ಕಾಲುವೆ.

ಮುಂದಿನ ಸಲ ಓಟು ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ‘ಎಷ್ಟು ಕೋಟಿ?’ ಅಂತ ಜನ ಕೇಳಬಾರದು. ‘ಬಿಡುಗಡೆ ಆದೇಶ ಎಲ್ಲಿ, ತಾರೀಖು ಯಾವುದು?’ ಅಂತ ಕೇಳಬೇಕು. ಘೋಷಣೆಯಿಂದ ಕೆರೆ ತುಂಬೋದಿಲ್ಲ.