ನಮ್ಮ ಕಲ್ಲನ್ನು ನಾವೇ ನೆಡಬೇಕು

ಕೊಡಗಿಗೆ ಬರುವ ಪ್ರವಾಸಿಗಳು ಗಾಡಿ ನಿಲ್ಲಿಸಿ ಏನನ್ನು ನೋಡ್ತಾರೆ? ಮಡಿಕೇರಿ ಕೋಟೆಯೊಳಗಿನ ಎರಡು ಗಾರೆ ಆನೆಗಳನ್ನ. ರಾಜರ ಗದ್ದಿಗೆಗಳನ್ನ. ರಸ್ತೆ ಕೂಡುವಲ್ಲಿ ನಿಂತ ಸೇನಾಪತಿಗಳ ಪ್ರತಿಮೆಗಳನ್ನ. ನೋಡಲಿ, ನಮ್ಮ ತಕರಾರಿಲ್ಲ. ಆದರೆ ಆ ಗಾರೆ ಅರೆದವರು ಯಾರು? ಕಲ್ಲು ಹೊತ್ತವರು ಯಾರು? ಅಲ್ಲಿಗೆ ಹೋಗುವ ರಸ್ತೆಗೆ ಜಲ್ಲಿ ಒಡೆದವರು ಯಾರು? ಅವರ ಹೆಸರಿನ ಫಲಕ ಎಲ್ಲಿದೆ?

ಹಾಸನದ ಗಡಿಗೆ ಅಂಟಿಕೊಂಡ ನಮ್ಮ ಕೊಡ್ಲಿಪೇಟೆಯಲ್ಲೂ ನಮ್ಮದೊಂದು ಸ್ಮಾರಕ ಆಗಬೇಕು ಅನ್ನೋ ಮಾತು ಹುಡುಗರಲ್ಲಿದೆ. ಒಳ್ಳೇದು. ಶಾಸಕರ ಹತ್ರ ಅನುದಾನ ಕೇಳೋಣ ಅಂತಾರೆ. ಇದನ್ನು ನಾವು ಒಪ್ಪೋದಿಲ್ಲ. ಅನುದಾನ ಕೊಟ್ಟವರ ಹೆಸರು ದೊಡ್ಡಕ್ಷರದಲ್ಲಿ ಮೇಲೆ ಕೂರುತ್ತೆ. ಸತ್ತವರ ಹೆಸರು ಕೆಳಗೂ ಇರಲ್ಲ.

ಕಟ್ಟೋದಕ್ಕೆ ಯಾರ ಅಪ್ಪಣೆ ಬೇಕು? ಫ್ರಾನ್ಸಿನಲ್ಲಿ ಶೆವಾಲ್ ಅನ್ನೋ ಪೋಸ್ಟ್‌ಮ್ಯಾನ್ 1879ರಿಂದ 33 ವರ್ಷ, ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನು ಹೊತ್ತು ತಂದು ಒಬ್ಬನೇ ಅರಮನೆ ಕಟ್ಟಿದ. ಚಂಡೀಗಢದಲ್ಲಿ ನೇಕ್ ಚಂದ್ ಅನ್ನೋ ರಸ್ತೆ ಇನ್ಸ್‌ಪೆಕ್ಟರು ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಗೊಂಬೆಗಳ ತೋಟವನ್ನೇ ಎಬ್ಬಿಸಿದರು. ಅದನ್ನು ಕೆಡವಬೇಕು ಅನ್ನೋ ಮಾತೂ ಎದ್ದಿತ್ತು. ಕೊನೆಗೆ 1976ರಲ್ಲಿ ಸರ್ಕಾರವೇ ಜನರಿಗೆ ತೆರೆಯಿತು. ಇಂಥವನ್ನ ಜನ ಮೋಜಿಗೆ ನೋಡ್ತಾರೆ. ನಾವು ನೋಡಬೇಕಾದ್ದು ಅದನ್ನು ಕಟ್ಟಿದ ಕೈಗಳನ್ನ. ಅಂಥ ಕೈಗಳು ನಮ್ಮ ಕೇರಿಯ ಮನೆಮನೆಯಲ್ಲೂ ಇವೆ.

ಮೋಜಿಗೆ ಕಟ್ಟುವಷ್ಟು ಪುರುಸೊತ್ತು ನಮಗಿಲ್ಲ. ನಮಗೆ ಸ್ಮಾರಕ ಯಾಕೆ ಬೇಕು ಅನ್ನೋದಕ್ಕೆ ಎರಡು ಊರು ಸಾಕು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು ಎಂಟು ಜನ ದಲಿತರನ್ನು ಕೊಂದರು. ಅಲ್ಲಿನ ನಮ್ಮ ಜನ ಹೆಣಗಳನ್ನು ಊರಾಚೆ ಒಯ್ಯಲಿಲ್ಲ. ಊರ ನಡುವೆಯೇ ಮಣ್ಣು ಮಾಡಿ ಆ ಜಾಗವನ್ನು ರಕ್ತಕ್ಷೇತ್ರ ಅಂದರು. 2014ರಲ್ಲಿ ಹೈಕೋರ್ಟು ಅಲ್ಲೂ ಆರೋಪಿಗಳನ್ನು ಬಿಟ್ಟಿತು. ಆ ತೀರ್ಪುಗಳ ಪ್ರಕಾರ ಕೊಂದವರು ಯಾರೂ ಇಲ್ಲ. ಆ ಸಮಾಧಿಗಳು ಮಾತ್ರ ಸಾಕ್ಷಿ ಹೇಳ್ತಾ ಇವೆ. ಅವನ್ನು ಹೆದರಿಸಿ, ದುಡ್ಡು ಕೊಟ್ಟು ಹೇಳಿಕೆ ಬದಲಿಸೋಕಾಗಲ್ಲ.

ಸರಿ, ನಮ್ಮ ಕಲ್ಲು ನೆಡೋದು ಎಲ್ಲಿ? ರಸ್ತೆಯಲ್ಲಿ, ಫುಟ್‌ಪಾತಿನಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸ್ವಂತ ನೆಲ ಇರೋರಿಗೆ ಇದರಿಂದ ತೊಂದರೆಯಿಲ್ಲ. ಕೊಡವ ಮನೆತನಗಳಿಗೆ ಹಿರಿಯರನ್ನು ನೆನೆಯೋಕೆ ಕೈಮಡ ಇದೆ. ತೋಟದ ಲೈನ್‌ಮನೆಯಲ್ಲಿ ಹುಟ್ಟಿ ಅಲ್ಲೇ ಸತ್ತವರಿಗೆ ಏನಿದೆ? ಕೆಲಸ ಹೋದ ದಿನ ಮನೆಯೂ ಹೋಯ್ತು. ಅಪ್ಪನನ್ನು ಹೂತ ಜಾಗ ಇನ್ನೊಬ್ಬರ ಕಾಫಿ ಗಿಡದ ಬುಡ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದ್ದು ಇದೇ ಕೊಡಗಿನಲ್ಲಿ. ಬದುಕಿರೋರಿಗೇ ಜಾಗ ಇಲ್ಲದ ಮೇಲೆ ಸತ್ತವರಿಗೆ ಎಲ್ಲಿಂದ ಬರಬೇಕು? ಅದಕ್ಕೇ ಹೇಳ್ತಿದ್ದೇವೆ: ನಿವೇಶನದ ಹಕ್ಕುಪತ್ರ, ಸ್ಮಶಾನ, ಸ್ಮಾರಕ, ಈ ಮೂರಕ್ಕೂ ಹೋರಾಟ ಒಂದೇ. ಒಂದೇ ಅರ್ಜಿಯಲ್ಲಿ ಮೂರನ್ನೂ ಕೇಳಬೇಕು.

ಹಾಸ್ಟೆಲಿನ ಗೆಳೆಯರೇ, ಈ ರಜೆಯಲ್ಲಿ ಊರಿಗೆ ಹೋದಾಗ ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ಅಜ್ಜ ಅಜ್ಜಿಯರ ಹತ್ರ ಕೂತು ಕೇಳಿ. ಯಾವ ತೋಟಕ್ಕೆ ಗುಂಡಿ ತೆಗೆದರು, ಯಾವ ಕೆರೆ ಏರಿಗೆ ಮಣ್ಣು ಹೊತ್ತರು, ಯಾರನ್ನು ಎಲ್ಲಿ ಹೂತರು, ಎಲ್ಲಾ ಬರೆದುಕೊಳ್ಳಿ. ಹೆಂಗಸರ ಹೆಸರು ಬಿಡಬೇಡಿ. "ಇಂಥವನ ಹೆಂಡತಿ" ಅಂತ ಬರೆಯಬೇಡಿ, ಅವಳ ಹೆಸರನ್ನೇ ಬರೀರಿ.

ಹಕ್ಕಿನ ನೆಲ ಸಿಕ್ಕ ಕಾಲೋನಿಯಲ್ಲಿ ಮೊದಲ ಕಟ್ಟೆ ಏಳಲಿ. ಮನೆಗೊಂದು ಬಾಂಡ್ಲಿ ಮರಳು, ಮನೆಗೊಂದು ದಿನದ ದುಡಿಮೆ. ಮೇಲೆ ಆ ಹೆಸರುಗಳು. ಕೆಳಗೆ ಹುಡುಗರು ಕೂತು ಓದೋಕೆ ಅಗಲವಾದ ಜಗುಲಿ, ಒಂದು ದೀಪ. ಹಾರ ಹಾಕೋದಕ್ಕೆ ವರ್ಷಕ್ಕೊಮ್ಮೆ ಬರೋರಿಗಾಗಿ ಕಾಯೋದು ಬೇಡ.

ಜೈಭೀಮ್.