ತಿರುಗದ ಕೀಲಿ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ಪಾಳಾ)

ತಿರುಗದ ಕೀಲಿಗೆ ನಮ್ಮ ಕಡೆಯ ಜನ ಎರಡೇ ಔಷಧಗಳನ್ನು ಬಲ್ಲರು. ಒಂದು ಪಕ್ಕಡ, ಇನ್ನೊಂದು ಸುತ್ತಿಗೆ. ಮನೆಯ ಬಾಗಿಲಿನ ಕೀಲಿಗಾದರೆ ಈ ಚಿಕಿತ್ಸೆ ಹೇಗೋ ನಡೆದೀತು. ಕೆಟ್ಟರೆ ಸಂತೆಯಲ್ಲಿ ಮತ್ತೊಂದು ಸಿಗುತ್ತದೆ. ಆದರೆ ನಾಲ್ಕೈದು ದಶಕಗಳ ಹಿಂದಿನ ಮೋಟಾರಿನ ಕೀಲಿಗೂ ಇದೇ ಔಷಧವನ್ನು ಕೊಟ್ಟರೆ ರೋಗದ ಸಂಗಡ ರೋಗಿಯೂ ಹೋಗಿಬಿಡುತ್ತಾನೆ. ಹಳೆಯ ಗಾಡಿಯ ಕೀಲಿ ಸಿಕ್ಕಿಕೊಂಡಾಗ ಏನು ಮಾಡಬೇಕು, ಏನು ಮಾಡಬಾರದು ಎಂಬ ವಿಷಯವಾಗಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡಬೇಕೆಂದು ಬಯಸುತ್ತೇನೆ.

ಕಾವ್ಯ, ಚರಿತ್ರೆ, ಅರ್ಥಶಾಸ್ತ್ರಗಳ ನಡುವೆ ಮೋಟಾರಿನ ಕೀಲಿಗೇನು ಕೆಲಸವೆಂದು ಮಿತ್ರರು ನಕ್ಕರು. ನಗಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮವ್ವನಿಗೆ ರುಜು ಹಾಕಲು ಬರುತ್ತದೆ, ಓದಲು ಬಾರದು. ಹೀಗಾಗಿ ಪಾಳಾದಲ್ಲಿ ಯಾರ ಮನೆಯಲ್ಲಿ ಏನು ತೊಡಕಾದರೂ "ನೀ ಬಿ.ಎ. ಓದಾಕತ್ತೀಯಲ್ಲೋ ತಮ್ಮಾ, ಸ್ವಲ್ಪ ನೋಡು" ಎಂದು ಕರೆ ಬರುತ್ತದೆ. ಪಹಣಿ ಪತ್ರಿಕೆಯಿರಲಿ, ಬೆಳೆವಿಮೆಯ ಅರ್ಜಿಯಿರಲಿ, ನೀರೆತ್ತುವ ಪಂಪೇ ಇರಲಿ, ಪದವಿಗೆ ಓದುವವನಿಗೆ ಎಲ್ಲವೂ ತಿಳಿದಿರಬೇಕೆಂಬುದು ಅವರ ಮುಗ್ಧವಾದ ನಂಬಿಕೆ. ನಮ್ಮ ಪಠ್ಯಕ್ರಮವನ್ನು ರಚಿಸಿದವರಿಗೆ ಈ ನಂಬಿಕೆಯ ಸುಳಿವು ಇದ್ದಂತೆ ಕಾಣುವುದಿಲ್ಲ.

ಮೊದಲು ಸ್ವಲ್ಪ ಚರಿತ್ರೆ. ಮೋಟಾರು ಹುಟ್ಟಿದ ಹೊಸತರಲ್ಲಿ ಅದನ್ನು ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಾಗಿತ್ತು. ಅಮೇರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ವಿದ್ಯುತ್ತಿನಿಂದ ಎಂಜಿನ್ ತಿರುಗಿಸುವ ಯಂತ್ರವನ್ನು ನಿರ್ಮಿಸಿದರು. 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಅದು ಬಳಕೆಗೆ ಬಂದಿತು. ಆಗಲೂ ಕೀಲಿಕೈಯ ಕೆಲಸ ಬಹಳ ಹಗುರ. ವಿದ್ಯುತ್ತಿಗೆ ಅಪ್ಪಣೆ ಕೊಡುವುದಷ್ಟೇ ಅದರ ಪಾಲಿಗೆ. ಎಂಜಿನ್ ತಿರುಗಿಸಲು ಬೇರೆ ಗುಂಡಿ ಇರುತ್ತಿತ್ತು. 1949ರಲ್ಲಿ ಕ್ರೈಸ್ಲರ್ ಕಂಪನಿಯವರು ಕೀಲಿಕೈಯನ್ನು ತಿರುಗಿಸಿದರೆ ಸಾಕು, ಎಂಜಿನ್ ಏಳುವಂತೆ ಮಾಡಿದರು. 1970ರಿಂದ ಅಮೇರಿಕದ ಕಾಯದೆ, ಕೀಲಿಕೈ ತೆಗೆದೊಡನೆ ಚುಕ್ಕಾಣಿಯೋ ಗಾಡಿಯ ಚಲನೆಯೋ ಬಂಧಿತವಾಗಬೇಕೆಂದು ವಿಧಿಸಿತು. ಹೀಗೆ ಕಾವಲುಗಾರನ ಕೆಲಸ, ದೀಪ ಹಚ್ಚುವವನ ಕೆಲಸ, ಎಂಜಿನ್ ಎಬ್ಬಿಸುವವನ ಕೆಲಸ ಎಲ್ಲವೂ ಹೆಬ್ಬೆರಳಿನ ಗಾತ್ರದ ಒಂದು ಕೀಲಿಯ ಮೇಲೆ ಬಿದ್ದವು. ಅಷ್ಟು ಹೊರೆ ಹೊತ್ತದ್ದು ಒಂದು ದಿನ ಮುನಿದು ಕುಳಿತರೆ ಸೋಜಿಗವೇನು?

ಕೀಲಿಯ ಒಳಗನ್ನು ನೋಡಿದವರು ಕಡಿಮೆ. ಕೊಳವೆಯೊಂದರೊಳಗೆ ಒಂದು ಉರುಳೆ. ಆ ಉರುಳೆಯಲ್ಲಿ ಸಾಲಾಗಿ ತೆಳ್ಳನೆಯ ಬಿಲ್ಲೆಗಳು, ಒಂದೊಂದರ ಬೆನ್ನಿಗೂ ಕೂದಲಿನಂಥ ಒಂದು ಸ್ಪ್ರಿಂಗು. ಕೀಲಿಕೈ ಹೊರಗಿದ್ದಾಗ ಈ ಬಿಲ್ಲೆಗಳ ತುದಿ ಉರುಳೆಯಿಂದ ಹೊರಚಾಚಿ ಕೊಳವೆಯ ಗಾಡಿಯಲ್ಲಿ ಕುಳಿತಿರುತ್ತದೆ, ಉರುಳೆ ತಿರುಗಲಾರದು. ಸರಿಯಾದ ಕೀಲಿಕೈ ಒಳಹೊಕ್ಕಾಗ ಅದರ ಹಲ್ಲುಗಳು ಎಲ್ಲ ಬಿಲ್ಲೆಗಳನ್ನೂ ಉರುಳೆಯ ಮೈಗೆ ಸಮನಾಗಿ ನಿಲ್ಲಿಸುತ್ತವೆ. ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ತಲೆ ಎತ್ತಿದರೂ ಕೆಲಸ ಕೆಟ್ಟಿತು. ಈ ಉರುಳೆಯ ಹಿಂದೆ ವಿದ್ಯುತ್ತಿನ ಸ್ವಿಚ್ಚು ಬೇರೆಯಾಗಿ ಇರುತ್ತದೆ. ಆದ್ದರಿಂದ ಕೀಲಿಕೈ ತಿರುಗದಿರುವುದು ಒಂದು ರೋಗ. ಕೀಲಿಕೈ ಸಲೀಸಾಗಿ ತಿರುಗಿಯೂ ಗಾಡಿ ಏಳದಿರುವುದು ಮತ್ತೊಂದು ರೋಗ. ಎರಡನೆಯದರಲ್ಲಿ ದೋಷ ಬ್ಯಾಟರಿಯದೋ ತಂತಿಯದೋ ಸ್ವಿಚ್ಚಿನದೋ ಇರಬೇಕು. ಕೀಲಿಯನ್ನು ಬೈದು ಫಲವಿಲ್ಲ. ಆದರೂ ನಮ್ಮಲ್ಲಿ ಎರಡನ್ನೂ "ಕೀಲಿ ಹೋತು" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಚುಕ್ಕಾಣಿಯ ಕಂಬದಲ್ಲಿ ಕೀಲಿಯಿರುವ ಗಾಡಿಗಳಲ್ಲಿ ಬಹಳ ಸಲ ರೋಗವೇ ಇರುವುದಿಲ್ಲ. ಗಾಲಿ ಒಂದು ಬದಿಗೆ ಒತ್ತಿ ನಿಂತಾಗ ಚುಕ್ಕಾಣಿಯನ್ನು ಹಿಡಿದ ಅಗಳಿಯ ಮೇಲೆ ಭಾರ ಬಿದ್ದಿರುತ್ತದೆ. ಒಂದು ಕೈಯಿಂದ ಚುಕ್ಕಾಣಿಯನ್ನು ಅತ್ತಿತ್ತ ಮೆಲ್ಲಗೆ ಆಡಿಸುತ್ತ ಇನ್ನೊಂದು ಕೈಯಿಂದ ಕೀಲಿಕೈ ತಿರುಗಿಸಿದರೆ ಅದು ಬಿಟ್ಟುಕೊಡುತ್ತದೆ. ಅಷ್ಟಕ್ಕೂ ಬಿಡದಿದ್ದರೆ ಧೂಳಿನ ಕಡೆ ನೋಡಬೇಕು. ನಮ್ಮ ಸೀಮೆಯಲ್ಲಿ ಬೇಸಿಗೆಯ ಧೂಳೂ ಮಳೆಗಾಲದ ತೇವವೂ ಸರದಿಯಂತೆ ಕೀಲಿಯೊಳಗೆ ವಾಸಕ್ಕೆ ಬರುತ್ತವೆ. ಜನರು ಆಗ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎಣ್ಣೆ ಮೊದಲ ವಾರ ಉಪಕಾರ ಮಾಡಿ, ಆಮೇಲೆ ಧೂಳನ್ನು ಕರೆದು ಕೂರಿಸಿಕೊಂಡು ಕೆಸರಾಗುತ್ತದೆ. ಬೇಕಾದದ್ದು ಗ್ರಾಫೈಟಿನ ಒಣ ಪುಡಿ. ಅದೂ ಸಿಗದಿದ್ದರೆ ನಾವು ಪರೀಕ್ಷೆಯಲ್ಲಿ ಗೆರೆ ಹೊಡೆಯುವ ಪೆನ್ಸಿಲ್ಲಿನ ಸೀಸವನ್ನೇ ಕೀಲಿಕೈಯ ಹಲ್ಲುಗಳ ಮೇಲೆ ತಿಕ್ಕಿ ನಾಲ್ಕಾರು ಸಲ ಒಳಹೊರಗೆ ಆಡಿಸಬಹುದು. ಹೆಸರಿಗೆ ಸೀಸವಾದರೂ ಅದು ಗ್ರಾಫೈಟೇ. ಪಕ್ಕಡ ಮಾತ್ರ ಬೇಡ. ಪಕ್ಕಡ ಹಿಡಿದರೆ ಕೀಲಿಕೈ ಮುರಿದು ಅರ್ಧ ಒಳಗೇ ಉಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು "ಡೈರೆಕ್ಟ್ ಮಾಡುವುದು" ಎಂಬ ನಮ್ಮ ಊರುಗಳ ವಿದ್ಯೆ. ಕೀಲಿಯ ಗೊಡವೆಯೇ ಬೇಡವೆಂದು ತಂತಿಗಳನ್ನು ಎಳೆದು ಒಂದಕ್ಕೊಂದು ಹೊಸೆದುಬಿಡುತ್ತಾರೆ. ಹಳೆಯ ಗಾಡಿಯಲ್ಲಿ ಎಂಜಿನ್ ನಿಂತಿದ್ದು ವಿದ್ಯುತ್ತು ಹರಿಯುತ್ತಿದ್ದರೆ, ಪ್ಲಾಟಿನ ಪಾಯಿಂಟುಗಳು ಕೂಡಿಕೊಂಡ ಸ್ಥಿತಿಯಲ್ಲಿದ್ದಾಗ, ಕಾಯಿಲ್ ಕಾದು ಸುಟ್ಟುಹೋಗುತ್ತದೆ. ಬೆಂಕಿಗೂ ಕಳ್ಳನಿಗೂ ಒಟ್ಟಿಗೆ ಆಮಂತ್ರಣ ಕೊಟ್ಟಂತೆ. ಕೀಲಿ ಚಾಲೂ ಇದ್ದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ತಂತಿ ಬಿಚ್ಚುವುದು. ಉಳಿದ ವಿಚಾರ ಆಮೇಲೆ.

ಕೀಲಿಕೈಯ ಸಂಗಡ ಕಪಾಟಿನದು, ಪಂಪ್‌ಸೆಟ್ಟಿನದು, ಕೊಟ್ಟಿಗೆಯದು ಎಲ್ಲವನ್ನೂ ಗೊಂಚಲು ಮಾಡಿ ತೂಗುಹಾಕುವ ಚಟವೂ ಒಳ್ಳೆಯದಲ್ಲ. ಆ ಭಾರ ಕೀಲಿಯನ್ನು ಸವೆಸುತ್ತದೆ. ಅಮೇರಿಕದ ಜನರಲ್ ಮೋಟರ್ಸ್ ಕಂಪನಿ 2014ರಲ್ಲಿ ಸುಮಾರು 26 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದು, ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಅದು ಓಡುವಾಗಲೇ ಹಿಂದಕ್ಕೆ ತಿರುಗಿ, ಎಂಜಿನ್ ನಿಂತು, ಅಪಘಾತದಲ್ಲಿ ಕಾಯಬೇಕಾದ ಗಾಳಿಚೀಲಗಳೂ ಅರಳದೆ ಹೋಗುತ್ತಿದ್ದವು. 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ಚಿಕ್ಕ ವಸ್ತುವೆಂದು ಯಾರೂ ಹಗುರಾಗಿ ಎಣಿಸಬಾರದು.

ಈಗ ನನ್ನ ವಾದಕ್ಕೆ ಕಾರಣವಾದ ಸಂಗತಿ. ನಮ್ಮ ಕಾಕಾನವರ ಬಳಿ 1978ರ ಒಂದು ಅಂಬಾಸಡರ್ ಇದೆ. ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯನ್ನು ತಂದು ಬಂಗಾಲದ ಉತ್ತರಪಾರಾದಲ್ಲಿ 1957ರ ಸುಮಾರಿನಿಂದ 2014ರ ವರೆಗೆ ತಯಾರಿಸಿದ ಅದೇ ಅಂಬಾಸಡರ್. ಊರಿನ ಎಷ್ಟು ಮದುಮಕ್ಕಳು ಅದರಲ್ಲಿ ಕುಳಿತರು, ಎಷ್ಟು ರೋಗಿಗಳು ಅದರಲ್ಲಿ ಮುಂಡಗೋಡಕ್ಕೂ ಹುಬ್ಬಳ್ಳಿಗೂ ಹೋದರು ಎಂಬುದಕ್ಕೆ ಲೆಕ್ಕವಿಲ್ಲ. ಕಳೆದ ಮಳೆಗಾಲದ ಕೊನೆಗೆ ಅದರ ಕೀಲಿ ಸಿಕ್ಕಿಕೊಂಡಿತು. ಪಟ್ಟಣದ ಗ್ಯಾರೇಜೊಂದರಿಂದ ಬಂದ ತರುಣನು ಎರಡು ಸಲ ತಿರುವಿ ನೋಡಿ, ಸ್ವಿಚ್ಚನ್ನೂ ತಂತಿಗಳನ್ನೂ ಪೂರ್ತಿ ಬದಲಿಸಬೇಕೆಂದೂ, ಆ ಸಾಮಾನು ಈಗ ಸಿಗುವುದಿಲ್ಲವೆಂದೂ, ಆದ್ದರಿಂದ ಗುಜರಿಗೆ ಹಾಕುವುದೇ ಜಾಣತನವೆಂದೂ ತೀರ್ಪು ಕೊಟ್ಟು ಹೋದನು. ಮೂರು ದಿನಗಳಲ್ಲಿ ಗುಜರಿಯವನೂ ಬಾಗಿಲಿಗೆ ಬಂದನು. ಅವನಿಗೆ ಸುದ್ದಿ ಮುಟ್ಟಿಸಿದವರು ಯಾರೆಂದು ನಾನು ಊಹಿಸಲಾರೆ! ಕಾಕಾ ಮುಂಗಡ ಹಣ ಹಿಡಿಯುವುದರಲ್ಲಿದ್ದರು. ಆಯಿ ಒಪ್ಪಲಿಲ್ಲ, ಅಷ್ಟೇ.

ಆಯಿಯ ಹಟಕ್ಕಾಗಿ ಮುಂಡಗೋಡದ ಒಬ್ಬ ಹಳೆಯ ಮಿಸ್ತ್ರಿಯವರನ್ನು ಕರೆಸಿದೆವು. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮನುಷ್ಯ. ಅವರು ಗಾಡಿಯನ್ನು ಮುಟ್ಟುವ ಮೊದಲೇ ಕೇಳಿದರು:

"ಯಜಮಾನ್ರ, ಗಾಡಿ ಕೊಂಡಾಗ ಎರಡು ಕೀಲಿಕೈ ಕೊಟ್ಟಿರ್ತಾರ. ಇನ್ನೊಂದು ಎಲ್ಲೈತ್ರಿ?"

ಕಾಕಾ ಬಳಸುತ್ತಿದ್ದದ್ದು ಮೂಲ ಕೀಲಿಕೈಯಲ್ಲ. ಮೂಲದ್ದು ಕಳೆದುಹೋಗುವ ಮುನ್ನ ಅದರಿಂದ ಒಂದು ಪ್ರತಿ ಮಾಡಿಸಿದ್ದರು. ಅದು ಸವೆದಾಗ ಅದರಿಂದ ಇನ್ನೊಂದು. ಎರಡನೆಯ ಮೂಲ ಕೀಲಿಕೈ ಆಯಿಯ ತಗಡಿನ ಟ್ರಂಕಿನಲ್ಲಿ, ಗಾಡಿಯ ಕಾಗದಗಳ ಅರಿವೆಗಂಟಿನೊಳಗೆ, ಒಂದು ದಿನವೂ ದುಡಿಯದೆ ಮಲಗಿತ್ತು. ಮಿಸ್ತ್ರಿಯವರು ಎರಡನ್ನೂ ಬೆಳಕಿಗೆ ಹಿಡಿದು ಜೋಡಿಸಿ ತೋರಿಸಿದರು. ಹೊಸದರ ಹಲ್ಲುಗಳು ಚೂಪಾಗಿದ್ದವು, ಹಳೆಯದರವು ಮುದುಕನ ದವಡೆಯಂತಿದ್ದವು. ನನ್ನ ಕಿಸೆಯ ಪೆನ್ಸಿಲನ್ನೇ ಕೇಳಿ ತೆಗೆದುಕೊಂಡು ಹಲ್ಲುಗಳಿಗೆ ಸವರಿದರು. "ಜೋರು ಮಾಡಬ್ಯಾಡ್ರಿ, ಅದಕ್ಕ ಜೋರು ತಿಳಿಯೂದಿಲ್ಲ" ಎನ್ನುತ್ತ ಎರಡು ಬೆರಳಿನಿಂದ ತಿರುಗಿಸಿದರು. ತಿರುಗಿತು. ಕೆಂಪು ದೀಪ ಹತ್ತಿತು.

ಇದನ್ನು ನೋಡಿದಾಗ ನನಗೆ ನಮ್ಮ ಐಚ್ಛಿಕ ಕನ್ನಡದ ತರಗತಿ ನೆನಪಾಯಿತು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನಮ್ಮ ಗುರುಗಳಿಗೆ ಅಚ್ಚುಮೆಚ್ಚಿನ ಪುಸ್ತಕ. ಓಲೆಗರಿಯ ಗ್ರಂಥವನ್ನು ಒಬ್ಬ ಲಿಪಿಕಾರ ನಕಲು ಮಾಡುತ್ತಾನೆ, ಆ ನಕಲನ್ನು ಇನ್ನೊಬ್ಬ ನಕಲು ಮಾಡುತ್ತಾನೆ. ಮೊದಲಿನವನ ತಪ್ಪುಗಳು ಉಳಿದು, ಎರಡನೆಯವನ ತಪ್ಪುಗಳು ಕೂಡಿ, ಕೊನೆಗೆ ಅರ್ಥವೇ ಆಗದ ಪಾಠ ನಮ್ಮ ಕೈಗೆ ಬರುತ್ತದೆ. ಆಗ ಸಂಪಾದಕನು ಪದ್ಯವನ್ನು ಬೈಯದೆ ಮೂಲಕ್ಕೆ ಸಮೀಪವಾದ ಪ್ರತಿಯನ್ನು ಹುಡುಕುತ್ತಾನೆ. ಕೀಲಿಕೈಯ ನಕಲೂ ಹೀಗೆಯೇ. ಸವೆದದ್ದರಿಂದ ಮಾಡಿದ ಪ್ರತಿ ಆ ಸವಕಳಿಯನ್ನೂ ಹೊತ್ತು ತರುತ್ತದೆ, ಯಂತ್ರದ ಅಂಕುಡೊಂಕನ್ನೂ ಸೇರಿಸುತ್ತದೆ. ಶಾಲೆಯ ಮುಖ ಅಷ್ಟಾಗಿ ಕಾಣದ ಮಿಸ್ತ್ರಿಯವರು ಪಾಠಶೋಧನೆಯ ಈ ಸೂತ್ರವನ್ನು ಕೈಯಿಂದಲೇ ಕಲಿತಿದ್ದರು. ನಾನು ಅದನ್ನು ಹತ್ತು ಅಂಕಗಳ ಪ್ರಶ್ನೆಗಾಗಿ ಉರು ಹೊಡೆದಿದ್ದೆ.

ಹಳೆಯ ಗಾಡಿಗಳನ್ನು ಮುದ್ದಿಸಬೇಕೆಂದು ನಾನು ಹೇಳುತ್ತಿಲ್ಲ. ಹೊಗೆ ಉಗುಳುವ, ಬ್ರೇಕು ಹಿಡಿಯದ ಗಾಡಿ ಎಷ್ಟು ಪ್ರೀತಿಯದಾದರೂ ರಸ್ತೆಗೆ ಬರಬಾರದು. ಆದರೆ ಅದನ್ನು ನಿರ್ಣಯಿಸಬೇಕಾದದ್ದು ಪರೀಕ್ಷೆ, ವಯಸ್ಸಲ್ಲ. 2022ರ ಏಪ್ರಿಲ್‌ವರೆಗೆ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಶುಲ್ಕವಿತ್ತು. ಆ ತಿಂಗಳಿನಿಂದ ಅದು 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು. ಇತ್ತ 2021ರ ನಿಯಮಗಳ ಪ್ರಕಾರ ಐವತ್ತು ವರ್ಷ ತುಂಬಿದ, ಮೂಲರೂಪ ಕೆಡದ ಗಾಡಿಗೆ 'ವಿಂಟೇಜ್' ಎಂಬ ಬಿರುದು ಸಿಗುತ್ತದೆ. ಶುಲ್ಕ 20,000 ರೂಪಾಯಿ. ಬಿರುದು ಬಂದ ಮೇಲೆ ಪ್ರದರ್ಶನ, ಮೆರವಣಿಗೆಗಳಿಗಲ್ಲದೆ ದಿನದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ಸಂಗ್ರಹಾಲಯ ಕಟ್ಟಬಲ್ಲವರಿಗೆ ಇದು ಒಳ್ಳೆಯ ಏರ್ಪಾಡು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ನಾನೂ ಬೆರಗಾಗಿದ್ದೇನೆ. ಆದರೆ ಬಡವನ ಗಾಡಿ ಐವತ್ತರೊಳಗೆ ಗುಜರಿ, ಸಿರಿವಂತನ ಗಾಡಿ ಐವತ್ತರಾಚೆ ಒಡವೆ ಎಂಬಂತಾಗಿದೆ. ದುಡಿಯುವ ಹಳೆಯ ಗಾಡಿಗೆ ನಡುವೆ ಸ್ಥಳವಿಲ್ಲ.

ನಮ್ಮ ಕಾಕಾನವರ ಗಾಡಿಯ ನೋಂದಣಿ ಮುಗಿಯುವುದು 2028ರಲ್ಲಿ. ಅದಕ್ಕೆ ಐವತ್ತು ತುಂಬುವುದೂ ಅದೇ ವರ್ಷ. ಹತ್ತು ಸಾವಿರ ಕೊಟ್ಟು ರೋಗಿಗಳನ್ನು ಸಾಗಿಸುವುದೋ, ಇಪ್ಪತ್ತು ಸಾವಿರ ಕೊಟ್ಟು ಅಂಗಳದಲ್ಲಿ ನಿಲ್ಲಿಸಿ ಹೂ ಮುಡಿಸುವುದೋ ಎಂದು ಅವರು ಈಗಿನಿಂದಲೇ ನನ್ನನ್ನು ಕೇಳುತ್ತಾರೆ, ಬಿ.ಎ. ಓದುವವನಲ್ಲವೇ ನಾನು. ಮೊದಲನೆಯದೇ ಸರಿ ಎಂದು ಹೇಳಿದ್ದೇನೆ. ಮಿಸ್ತ್ರಿಯವರ ಮಾತಿನಂತೆ ಟ್ರಂಕಿನ ಕೀಲಿಕೈಯಿಂದ ಒಂದು ಹೊಸ ಪ್ರತಿ ಮಾಡಿಸಿ, ಮೂಲವನ್ನು ಮತ್ತೆ ಆಯಿಯ ವಶಕ್ಕೆ ಕೊಟ್ಟಿದ್ದೇವೆ. ಮಿಸ್ತ್ರಿಯವರಿಗೆ ಶಿಷ್ಯರಿಲ್ಲ. ಮುಂದಿನ ವರ್ಷದ ವಿದ್ಯಾರ್ಥಿ ಸಂಘದವರು ಅಂಥವರನ್ನು ಒಂದು ಶನಿವಾರ ಕಾಲೇಜಿಗೆ ಕರೆಸಿ, ಹಾರ ತುರಾಯಿಗಳ ಗೊಡವೆ ಬಿಟ್ಟು, ಒಂದು ಹಳೆಯ ಕೀಲಿಯನ್ನು ಅವರ ಕೈಗೆ ಕೊಟ್ಟು ಬಿಚ್ಚಿಸಿ ನೋಡಬೇಕೆಂದು ನನ್ನ ವಿನಂತಿ. ಕೀಲಿ ನಾನು ತರುತ್ತೇನೆ. ಪೆನ್ಸಿಲು ಅವರೇ ತರಲಿ.