ಮನೆಯ ನೆಟ್‌ಗೂ ಒಂದು ಮಳೆಮಾಪಕ

ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ಡೈರಿಯಲ್ಲಿ ಬರೆದಿಡುವ ರೂಢಿಯಿದೆ. ಹಾಗೆ ಬರೆದಿಟ್ಟವರ ಮುಂದೆ ‘ಈ ಸಲ ಅಂಥ ಮಳೆಯೇನೂ ಆಗಿಲ್ಲ’ ಎಂದು ವಾದಿಸಿ ಗೆಲ್ಲಲಾಗದು. ನನ್ನ ಮನೆಯ ಇಂಟರ್‌ನೆಟ್ಟಿಗೆ ಅಂಥ ಡೈರಿ ಇರಲಿಲ್ಲ. ‘ರಾತ್ರಿ ಹೊತ್ತು ವಿಡಿಯೊ ಕಾಲ್ ನಿಂತು ನಿಂತು ಹೋಗುತ್ತದೆ’ ಎಂದು ದೂರು ಕೊಟ್ಟರೆ, ಮಾರನೆಯ ದಿನ ಬೆಳಿಗ್ಗೆ 11ಕ್ಕೆ ಬಂದ ಹುಡುಗ ಸ್ಪೀಡ್‌ಟೆಸ್ಟ್ ಮಾಡಿ ತೋರಿಸುತ್ತಿದ್ದ: 100ಕ್ಕೆ 96. ದೂರು ಅಲ್ಲಿಗೆ ಮುಕ್ತಾಯ.

ಈಗ ರೂಟರ್ ಪಕ್ಕದಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೂತಿದೆ. ಅದರಲ್ಲಿ ಅಪ್‌ಟೈಮ್ ಕುಮಾ ಎಂಬ ಉಚಿತ ತಂತ್ರಾಂಶ ಹಗಲೂ ರಾತ್ರಿ ಓಡುತ್ತದೆ. ಇಪ್ಪತ್ತು ಸೆಕೆಂಡಿಗೊಮ್ಮೆ ಮೂರು ಕಡೆಗೆ ಪಿಂಗ್ ಕಳಿಸುತ್ತದೆ: ಮನೆಯ ರೂಟರ್‌ಗೆ, ನೆಟ್ ಕೊಡುವ ಕಂಪನಿಯ ಮೊದಲ ಗೇಟ್‌ವೇಗೆ, ಹೊರಜಗತ್ತಿನ 1.1.1.1 ಎಂಬ ವಿಳಾಸಕ್ಕೆ. ಪಿಂಗ್ ಎಂದರೆ ಕೂಗು ಹಾಕಿ, ಓಗೊಡುವುದಕ್ಕೆ ಎಷ್ಟು ಹೊತ್ತಾಯಿತು ಎಂದು ಎಣಿಸುವುದು. 1983ರಲ್ಲಿ ಮೈಕ್ ಮೂಸ್ ಬರೆದ ಆ ಪುಟ್ಟ ಪ್ರೋಗ್ರಾಂ ಇಂದಿಗೂ ನಂಬಿಕೆಯ ಆಳು. ರೂಟರೇ ಓಗೊಡದಿದ್ದರೆ ದೋಷ ಮನೆಯೊಳಗಿನದು. ರೂಟರ್ ಓಗೊಟ್ಟು ಗೇಟ್‌ವೇ ಸುಮ್ಮನಿದ್ದರೆ ಹೊರಗಿನ ಫೈಬರನ್ನು ನೋಡಬೇಕು. ಗೇಟ್‌ವೇವರೆಗೆ ಸರಿಯಿದ್ದು ಮುಂದೆ ಸದ್ದಿಲ್ಲವಾದರೆ ತೊಡಕು ಕಂಪನಿಯ ಒಳಗೋ ಅದರಾಚೆಯೋ ಇರುತ್ತದೆ. ಪೈಗೆ ಲ್ಯಾನ್ ಕೇಬಲ್ಲೇ ಹಾಕಿ. ವೈಫೈ ಆದರೆ ನಾವು ಅಳೆಯುವುದು ನಡುಮನೆಯ ಗೋಡೆಯನ್ನು. ಕರೆಂಟು ಹೋದಾಗ ಲೆಕ್ಕ ತಪ್ಪದಂತೆ ಅದೂ ರೂಟರ್ ಜೊತೆ ಯುಪಿಎಸ್ ಮೇಲಿರಲಿ.

ವೇಗ ಅಳೆಯುವುದರಲ್ಲಿ ಮಾತ್ರ ಕೈ ಹಿಡಿತ ಬೇಕು. 100 ಎಂಬಿಪಿಎಸ್ ಲೈನಿನಲ್ಲಿ ಹತ್ತು ಸೆಕೆಂಡಿನ ಡೌನ್‌ಲೋಡ್ ಪರೀಕ್ಷೆಗೇ ಸುಮಾರು 125 ಎಂಬಿ ಖರ್ಚು, ಅಪ್‌ಲೋಡಿಗೆ ಮತ್ತಷ್ಟು. ಗಂಟೆಗೊಂದರಂತೆ ಮಾಡಿದರೆ ದಿನಕ್ಕೆ 6 ಜಿಬಿ. ನಾನು ದಿನಕ್ಕೆ ನಾಲ್ಕು ಸಲ ಸಾಕು ಎಂದುಕೊಂಡೆ, ಒಂದನ್ನು ರಾತ್ರಿ 9ಕ್ಕೆ ಇಟ್ಟೆ.

ನಮಗೆ ಮಾರುವುದು ವೇಗವನ್ನು. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿತು. ಆ ವ್ಯಾಖ್ಯಾನವೂ ವೇಗದ್ದೇ. ಆದರೆ ಆನ್‌ಲೈನ್ ಸಂದರ್ಶನಕ್ಕೆ ಕೂತ ಮಗಳಿಗೆ ಬೇಕಾದದ್ದು ನಡುವೆ ಕಡಿಯದ ಲೈನು. ಶೇ 99ರಷ್ಟು ಹೊತ್ತು ನೆಟ್ ಇತ್ತು ಎಂದರೂ 30 ದಿನಕ್ಕೆ ಏಳು ಗಂಟೆ ಹನ್ನೆರಡು ನಿಮಿಷ ಇರಲಿಲ್ಲ ಎಂದೇ ಲೆಕ್ಕ. ಆ ಏಳು ಗಂಟೆ ಯಾವಾಗ ಬಂದವು ಎಂಬುದು ಬಿಲ್ಲಿನಲ್ಲಿ ಇರುವುದಿಲ್ಲ. ಅದಕ್ಕೇ ಆ ಲೆಕ್ಕ ಹಣ ಕೊಡುವವರ ಕೈಯಲ್ಲಿರಬೇಕು ಎನ್ನುತ್ತೇನೆ.

ಎರಡು ವಾರ ಕಳೆದ ಮೇಲೆ ಗ್ರಾಫ್ ನೋಡಿದೆ. ಹಗಲೆಲ್ಲ 5 ಮಿಲಿಸೆಕೆಂಡಿನಲ್ಲಿ ಓಗೊಡುತ್ತಿದ್ದ ಗೇಟ್‌ವೇ, ರಾತ್ರಿ 8ರಿಂದ 10ರವರೆಗೆ 180ಕ್ಕೆ ಏರಿತ್ತು. ದಿನಾಲೂ ಅದೇ ಹೊತ್ತಿಗೆ, ಅದೇ ದಿಬ್ಬ. ಅದೇ ಹುಡುಗ ಬಂದಾಗ ಮುಂದಿಟ್ಟೆ. ಅವನು ಸ್ಪೀಡ್‌ಟೆಸ್ಟ್ ತೆರೆಯಲಿಲ್ಲ. ಪರದೆಯ ಫೋಟೊ ತೆಗೆದು, ‘ಈ ಏರಿಯಾದವರೆಲ್ಲ ಇದನ್ನೇ ಹೇಳ್ತಾರೆ ಸಾರ್, ಮೇಲಿನವರು ನನ್ನ ಮಾತು ಕೇಳಲ್ಲ’ ಎಂದು ನಿಂತಲ್ಲಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ.